ಕಾಗದದ ಗೆಳೆತನ



ವಿಜಯಪುರ ಸೀಮೆಯ ಜೈನಾಪುರದಂಥ ಒಂದು ಹಳ್ಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಈ ಸೀಮೆಯಿಂದ ಎಷ್ಟೋ ಕುಟುಂಬಗಳು ದುಡಿಯಲು ಗೋವೆಗೆ, ಮಹಾರಾಷ್ಟ್ರಕ್ಕೆ ಹೋಗುತ್ತವೆ. ಶಾಲೆ ತಪ್ಪಬಾರದೆಂದು ಮಗು ಅಜ್ಜಿಯ ಬಳಿ ಉಳಿಯುತ್ತದೆ. ಹೊಟ್ಟೆಗೆ ರೊಟ್ಟಿ ಸಿಗುತ್ತದೆ. ಆದರೆ ಮನಸ್ಸಿನ ಮಾತನ್ನು ಯಾರಿಗೆ ಹೇಳಬೇಕು? ಇಂಥ ಮಗುವಿನ ಹೆಸರಿಗೆ ಅಂಚೆಯಣ್ಣ ಕಾಗದ ತಂದರೆ, "ಆಯೀ, ನನಗ ಪತ್ರ ಬಂದೈತಿ!" ಎಂದು ಅದು ಓಡಿಬರುತ್ತದೆ. ತನ್ನನ್ನು ನೆನೆಯುವವರೊಬ್ಬರಿದ್ದಾರೆ ಎಂಬ ಸಂತೋಷ ಅದು.

ಮಕ್ಕಳ ಕಾಗದವನ್ನು ಹಗುರಾಗಿ ಕಾಣಬೇಡಿ. 1982ರಲ್ಲಿ ಅಮೆರಿಕದ ಸಮಂತಾ ಸ್ಮಿತ್ ಎಂಬ 10 ವರ್ಷದ ಬಾಲಕಿ, ಯುದ್ಧದ ಭಯದಿಂದ ಸೋವಿಯತ್ ನಾಯಕ ಆಂಡ್ರೊಪೊವ್ ಅವರಿಗೆ ಪತ್ರ ಬರೆದಳು. ಮರುವರ್ಷ ಉತ್ತರವೂ ಬಂತು, ಆಹ್ವಾನವೂ ಬಂತು. 1983ರ ಜುಲೈಯಲ್ಲಿ ಅವಳು ಅಲ್ಲಿಗೆ ಹೋಗಿ, ಆರ್ಟೆಕ್ ಮಕ್ಕಳ ಶಿಬಿರದಲ್ಲಿ ನತಾಶಾ ಎಂಬ ಹುಡುಗಿಯ ಗೆಳತಿಯಾದಳು. ಶತ್ರುದೇಶ ಎಂದು ಕೇಳಿದ್ದ ನಾಡಿನಲ್ಲಿ ತನ್ನಂತೆಯೇ ನಗುವ ಮಕ್ಕಳನ್ನು ಕಂಡಳು. ನಮ್ಮ ಶಿವರಾಮ ಕಾರಂತರು ಬಂದ ಪತ್ರಗಳಿಗೆ ತಪ್ಪದೆ ಉತ್ತರಿಸುತ್ತಿದ್ದುದನ್ನು ಅವರ ಓದುಗರು ಇಂದಿಗೂ ನೆನೆಯುತ್ತಾರೆ. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ 21 ಪತ್ರಗಳೇ ಅಲ್ಲವೇ? ದೂರದಲ್ಲಿರುವವರನ್ನು ಕಾಗದ ಹತ್ತಿರ ತರುತ್ತದೆ.

ನಾಲ್ಕು ಜನರ ಮುಂದೆ ಬಾಯಿ ಬಿಡದ ಮಗುವೂ ಕಾಗದದ ಮುಂದೆ ಧೈರ್ಯ ತಾಳುತ್ತದೆ. ಅಲ್ಲಿ ಅದರ ಬಟ್ಟೆ ನೋಡಿ ನಗುವವರಿಲ್ಲ, ಮಾತು ತೊದಲಿದರೆ ಅಣಕಿಸುವವರಿಲ್ಲ. ಗೆಳೆಯ ಕೇಳಿದ್ದಕ್ಕೆ ಉತ್ತರ ಬರೆಯುವಾಗ, ಇನ್ನೊಬ್ಬರ ಮಾತಿಗೆ ಕಿವಿಗೊಡುವುದನ್ನೂ ಕಲಿಯುತ್ತದೆ. ಕಾಯುವುದನ್ನು ಕಲಿಸಲು ಅಂಚೆಗಿಂತ ಒಳ್ಳೆಯ ಗುರು ಇಲ್ಲ.

ಆರಂಭಿಸುವುದು ಹೇಗೆ? ಮಗುವಿನ ಶಿಕ್ಷಕರನ್ನು ಕಂಡು, ಬೇರೆ ಜಿಲ್ಲೆಯ ಒಂದು ಶಾಲೆಯೊಡನೆ ಪತ್ರವ್ಯವಹಾರ ಏರ್ಪಡಿಸಲು ಕೇಳಿ. ಕಡಲು ಕಂಡ ಮಗುವಿಗೆ ನಮ್ಮ ಮಗು ಗೋಳಗುಮ್ಮಟದ ಪಿಸುಮಾತಿನ ಮಾಳಿಗೆಯನ್ನು, ತಿಕೋಟಾದ ದ್ರಾಕ್ಷಿ ತೋಟವನ್ನು, ಜೋಳದ ಸುಗ್ಗಿಯನ್ನು ಬಣ್ಣಿಸಲಿ. ಕೊನೆಗೆ ಒಂದು ಪ್ರಶ್ನೆ ಕೇಳಲಿ. ಪ್ರಶ್ನೆಯಿಲ್ಲದ ಪತ್ರಕ್ಕೆ ಉತ್ತರ ಬರೆಯುವುದು ಕಷ್ಟ. ವಿಳಾಸದಲ್ಲಿ 6 ಅಂಕಿಯ ಪಿನ್ ಕೋಡ್ ಮರೆಯಬಾರದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಸಂಖ್ಯೆಯ ಮೊದಲ ಮೂರು ಅಂಕಿಗಳು ಪತ್ರ ಯಾವ ಜಿಲ್ಲೆಯ ಕಡೆಗೆ ಹೋಗಬೇಕೆಂದು ತಿಳಿಸುತ್ತವೆ. ವಿಜಯಪುರಕ್ಕೆ ಅದು 586.

ಎಚ್ಚರಿಕೆಯೂ ಇರಲಿ. ಮನೆಯ ವಿಳಾಸದ ಬದಲು ಶಾಲೆಯ ವಿಳಾಸ ಕೊಡಿ. ಮೊದಲ ಪತ್ರಗಳನ್ನು ಮಗುವಿನ ಜೊತೆಗೇ ಕುಳಿತು ಓದಿ. "ಮನೆಯಲ್ಲಿ ಹೇಳಬೇಡ" ಎಂದು ಬರೆಯುವವರು, ಹಣ ಅಥವಾ ಫೋಟೊ ಕೇಳುವವರು ಮಿತ್ರರಲ್ಲ ಎಂದು ತಿಳಿಸಿ. ಆದರೆ ಮಗು ಬರೆದ ಪತ್ರದ ಕಾಗುಣಿತ ತಿದ್ದುತ್ತ ಕೂರಬೇಡಿ. ಅದು ಪರೀಕ್ಷೆಯ ಹಾಳೆಯಲ್ಲ.

ಉತ್ತರ ಬಾರದೆ ಇರಬಹುದು. ಆಗ ಮಗುವಿನ ನೋವನ್ನು ತಳ್ಳಿಹಾಕದೆ, ಇನ್ನೊಂದು ಪತ್ರ ಬರೆಯಲು ಜೊತೆಗೆ ಕುಳಿತುಕೊಳ್ಳಿ. ದೂರ ದುಡಿಯುತ್ತಿರುವ ಅಪ್ಪ ಅವ್ವಂದಿರೇ, ಮೊದಲ ಪತ್ರಮಿತ್ರರು ನೀವೇ ಏಕಾಗಬಾರದು? ಫೋನಿನ ಮಾತು ಅಂದಿಗೇ ಮುಗಿಯುತ್ತದೆ. ನಿಮ್ಮ ಕೈಬರಹವನ್ನು ಮಗು ದಿಂಬಿನಡಿ ಇಟ್ಟುಕೊಂಡು ಮತ್ತೆ ಮತ್ತೆ ಓದುತ್ತದೆ.

ಮನೆಯಲ್ಲಿ ಚರ್ಚಿಸಿ:
1. ನಮ್ಮ ಮಗು ಮನಬಿಚ್ಚಿ ಮಾತಾಡುವುದು ಯಾರೊಡನೆ?
2. ನಾವು ಉತ್ತರಿಸದೆ ಬಿಟ್ಟ ಪತ್ರ ಯಾವುದಾದರೂ ಇದೆಯೇ?
3. ಈ ವಾರ ನಾವೆಲ್ಲ ಸೇರಿ ಯಾರಿಗೆ ಬರೆಯೋಣ?