ಹಿಮವಾಹನದ ಸವಾರನಿಗೆ ‘ಕಣ್ಣಿ’ ಬೇಕೆ?

ಒಂದು ವಿಷಯದ ಎರಡು ಮಗ್ಗುಲುಗಳನ್ನೂ ತೂಗಿ ನೋಡಿ ತೀರ್ಮಾನಕ್ಕೆ ಬರುವುದು ಹೇಗೆ ಎಂಬುದನ್ನು ಪ್ರಬಂಧ ಬರೆಯುವ, ಚರ್ಚಾಕೂಟದಲ್ಲಿ ಮಾತನಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬೇಕು. ತೀರಾ ಪರಿಚಿತ ವಿಷಯವಾದರೆ ನಮ್ಮ ಮನಸ್ಸು ಮೊದಲೇ ಒಂದು ಪಕ್ಷ ಹಿಡಿದುಬಿಟ್ಟಿರುತ್ತದೆ. ಆದುದರಿಂದ ನಮಗೆ ಬಹುದೂರದ ಪ್ರಶ್ನೆಯೊಂದನ್ನು ಇಲ್ಲಿ ಎತ್ತಿಕೊಂಡಿದೆ. ಹಿಮದ ಮೇಲೆ ಓಡುವ ಮೋಟಾರು ವಾಹನದ ಸವಾರನು, ತಾನು ಬಿದ್ದೊಡನೆ ಎಂಜಿನ್ ನಿಲ್ಲುವಂತೆ ಮಾಡುವ ಹಗ್ಗವೊಂದನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆ, ಬೇಡವೆ? ಹಿಮದ ನಾಡುಗಳಲ್ಲಿ ಇದು ಇಂದಿಗೂ ಸವಾರರ ನಡುವೆ ವಾದಕ್ಕೆ ಎಡೆಗೊಡುವ ಪ್ರಶ್ನೆ. ಮೇಲುನೋಟಕ್ಕೆ ಚಿಕ್ಕದಾಗಿ ಕಂಡರೂ ಇದರಲ್ಲಿ ಪ್ರಾಣದ ಮಾತು ಅಡಗಿದೆ.

ವಾಹನ ಹುಟ್ಟಿದ ಬಗೆ

ಹಿಮ ನಮಗೆ ಪುಸ್ತಕದ ವಸ್ತು. ಮಲಯಾಳವನ್ನೂ ಓದುವ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ ಆ ಭಾಷೆಯಲ್ಲಿ ಮಂಜಿಗೂ ಹಿಮಕ್ಕೂ ‘ಮಞ್ಞ್’ ಎಂಬ ಒಂದೇ ಮಾತು ಸಾಕಾಗುತ್ತದೆ. ಕೆನಡಾ, ಫಿನ್ಲೆಂಡ್ ಮೊದಲಾದ ದೇಶಗಳಲ್ಲಾದರೋ ವರ್ಷದಲ್ಲಿ ಹಲವು ತಿಂಗಳು ಹಿಮವೇ ನೆಲ, ಹಿಮವೇ ದಾರಿ.

ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನಲ್ಲಿ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯರ್ (1907-1964) ಎಂಬ ಮೆಕ್ಯಾನಿಕ್ ಇದ್ದನು. 1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯಿತು. ದಾರಿಯೆಲ್ಲ ಹಿಮದಿಂದ ಮುಚ್ಚಿಹೋಗಿದ್ದುದರಿಂದ ಮಗುವನ್ನು ಆಸ್ಪತ್ರೆಗೆ ಒಯ್ಯಲಾಗದೆ ಅದು ತೀರಿಕೊಂಡಿತು. ಹಿಮದ ಮೇಲೆ ಹೋಗಬಲ್ಲ ಗಾಡಿಗಾಗಿ ಮೊದಲಿನಿಂದಲೂ ಪ್ರಯತ್ನಿಸುತ್ತಿದ್ದ ಆತನು ಅನಂತರ ಇನ್ನಷ್ಟು ಪಟ್ಟು ಹಿಡಿದು ದುಡಿದು 1937ರಲ್ಲಿ ತನ್ನ ಪಟ್ಟಿಚಕ್ರದ ಏರ್ಪಾಡಿಗೆ ಪೇಟೆಂಟ್ ಪಡೆದನು. ಏಳು ಜನ ಕೂರುವ ಆ ಮುಚ್ಚಿದ ಗಾಡಿಯೂ ಅನಂತರದ ದೊಡ್ಡ ಗಾಡಿಗಳೂ ವೈದ್ಯರನ್ನು, ಅಂಚೆಯನ್ನು, ಶಾಲಾಮಕ್ಕಳನ್ನು ಹೊತ್ತು ಹಿಮದ ಮೇಲೆ ಓಡಾಡಿದವು. 1959ರಲ್ಲಿ ಆತನ ಕಾರ್ಖಾನೆಯಿಂದ ‘ಸ್ಕೀ-ಡೂ’ ಎಂಬ ಒಬ್ಬಿಬ್ಬರು ಸವಾರಿ ಮಾಡಬಹುದಾದ ಹಗುರ ವಾಹನ ಹೊರಬಂತು. ಇಂದು ನಾವು ‘ಸ್ನೋಮೊಬೈಲ್’ ಎಂದು ಕರೆಯುವ ಹಿಮವಾಹನದ ಬಳಕೆ ಅಲ್ಲಿಂದ ಹರಡಿತು. ಉತ್ತರ ಫಿನ್ಲೆಂಡಿನ ಹಿಮಸಾರಂಗ ಸಾಕುವವರಿಂದ ಹಿಡಿದು ನಮ್ಮ ಕಾಶ್ಮೀರದ ಗುಲ್ಮಾರ್ಗ್‌ನ ಪ್ರವಾಸಿಗರವರೆಗೆ ಇದನ್ನು ಏರುವವರು ಇದ್ದಾರೆ.

ಓಡುವ ರೀತಿ

ಈ ವಾಹನಕ್ಕೆ ಮುಂದುಗಡೆ ಎರಡು ಜಾರುಹಲಗೆಗಳು. ಹಿಂದೆ ಗಾಲಿಯ ಬದಲು ಸುತ್ತುವ ರಬ್ಬರ್ ಪಟ್ಟಿ. ತೂಕ ಸುಮಾರು 200ರಿಂದ 300 ಕಿಲೋಗ್ರಾಂ. ಪ್ರಬಲವಾದ ಎಂಜಿನ್ ಇರುವವು ಗಂಟೆಗೆ 150 ಕಿಲೋಮೀಟರನ್ನೂ ಮೀರಿ ಓಡಬಲ್ಲವು. ವೇಗ ಹೆಚ್ಚಿಸುವ ಆಕ್ಸಿಲರೇಟರ್ ಬಲಗೈಯ ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಹಿಡಿ. ಬೆರಳು ತೆಗೆದರೆ ಸ್ಪ್ರಿಂಗ್ ಆ ಹಿಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ಸುತ್ತು ಇಳಿಯುತ್ತದೆ. ಕ್ಲಚ್ ತಾನಾಗಿ ಬಿಟ್ಟುಕೊಂಡು ಪಟ್ಟಿ ನಿಲ್ಲುತ್ತದೆ. ಇದಲ್ಲದೆ ಹ್ಯಾಂಡಲಿನ ಮೇಲೆ ಎಂಜಿನ್ ನಿಲ್ಲಿಸುವ ಗುಂಡಿಯೂ ಒಂದಿದೆ.

‘ಕಣ್ಣಿ’ ಎಂದರೇನು?

ನಾವು ಚರ್ಚಿಸುತ್ತಿರುವ ಹಗ್ಗಕ್ಕೆ ಇಂಗ್ಲಿಷಿನಲ್ಲಿ ‘ಟೆದರ್’ ಎನ್ನುತ್ತಾರೆ. ಹಸು ಕುದುರೆಗಳನ್ನು ಗೂಟಕ್ಕೆ ಕಟ್ಟುವ ಹಗ್ಗ ಎಂಬುದು ಆ ಮಾತಿನ ಮೂಲಾರ್ಥ. ಅದು ನಮ್ಮ ‘ಕಣ್ಣಿ’ಯೇ ಸರಿ. ಆದುದರಿಂದ ಈ ಲೇಖನದಲ್ಲಿ ಆ ಮಾತನ್ನೇ ಬಳಸಿದೆ.

ಕಣ್ಣಿಯ ಒಂದು ತುದಿಯಲ್ಲಿರುವ ಸಣ್ಣ ಮುಚ್ಚಳವನ್ನು ವಾಹನದ ಮೇಲಿನ ಮೊಳೆಯಂಥ ಗುಬುಟಿಗೆ ತೊಡಿಸುತ್ತಾರೆ. ಇನ್ನೊಂದು ತುದಿಯ ಕೊಕ್ಕೆಯನ್ನು ಸವಾರನ ಅಂಗಿಗೆ ಸಿಕ್ಕಿಸುತ್ತಾರೆ. ನಡುವೆ ಸುರುಳಿಯಾದ ಹಗ್ಗ. ಸವಾರನು ಬಿದ್ದರೆ ಹಗ್ಗ ಎಳೆದು ಮುಚ್ಚಳ ಕಳಚುತ್ತದೆ. ಆ ಕ್ಷಣವೇ ಎಂಜಿನ್ನಿಗೆ ಕಿಡಿ ತಪ್ಪುತ್ತದೆ. ಕಿಡಿ ಇಲ್ಲದೆ ಎಂಜಿನ್ ಇಲ್ಲ.

ಒಂದು ಸ್ವಾರಸ್ಯವನ್ನು ಗಮನಿಸಿರಿ. ಹಸುವಿನ ಕಣ್ಣಿ ಕಳಚಿದರೆ ಹಸು ಓಡುತ್ತದೆ. ಈ ಕಣ್ಣಿ ಕಳಚಿದರೆ ವಾಹನ ನಿಲ್ಲುತ್ತದೆ. ಎತ್ತಿನ ಗಾಡಿಯವನು ದಾರಿಯಲ್ಲಿ ಬಿದ್ದರೂ ಎತ್ತುಗಳು ಮನೆಯ ದಾರಿ ಹಿಡಿದಾವು. ಅವಕ್ಕೆ ತಮ್ಮದೇ ಆದ ಅರಿವಿದೆ. ಯಂತ್ರಕ್ಕೆ ಆ ಅರಿವಿಲ್ಲವಾದುದರಿಂದ, ‘ಮೇಲೆ ಒಡೆಯನಿಲ್ಲ’ ಎಂಬ ಸುದ್ದಿಯನ್ನು ಈ ಹಗ್ಗ ಅದಕ್ಕೆ ಮುಟ್ಟಿಸುತ್ತದೆ.

ಇಂಥ ಏರ್ಪಾಡು ಹೊಸದೇನಲ್ಲ. ಮುಂಬಯಿಯ ಉಪನಗರ ರೈಲುಗಳನ್ನು ಓಡಿಸುವ ಮೋಟಾರ್‌ಮನ್ ಒಂದು ಹಿಡಿಯನ್ನು ಸದಾ ಒತ್ತಿಹಿಡಿದಿರಬೇಕಾದ ಪದ್ಧತಿ ಇದೆ. ಅವನು ಎಚ್ಚರ ತಪ್ಪಿ ಕೈ ಸಡಿಲಿಸಿದರೆ ಬ್ರೇಕು ತಾನಾಗಿ ಬೀಳುತ್ತದೆ. ‘ಸತ್ತವನ ಹಿಡಿ’ ಎಂಬರ್ಥದ ಹೆಸರು ಇಂಗ್ಲಿಷಿನಲ್ಲಿ ಅದಕ್ಕೆ ಬಿದ್ದಿದೆ. ವ್ಯಾಯಾಮಶಾಲೆಗಳ ನಡೆಯುವ ಯಂತ್ರಕ್ಕೂ ಅಂಗಿಗೆ ಸಿಕ್ಕಿಸುವ ಇಂಥದೇ ಒಂದು ದಾರ ಇರುತ್ತದೆ.

ಬೇಡವೆನ್ನುವವರ ವಾದ

ಎದುರು ಪಕ್ಷದ ಮಾತನ್ನು ಅದರ ಪೂರ್ಣ ಬಲದೊಡನೆ ಮೊದಲು ಮುಂದಿಡುವುದು ಒಳ್ಳೆಯ ಚರ್ಚೆಯ ಲಕ್ಷಣ.

1. ಬೆರಳು ತೆಗೆದರೆ ಆಕ್ಸಿಲರೇಟರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಿದ್ದವನ ಬೆರಳು ಅದರ ಮೇಲೆ ಇರುವುದಿಲ್ಲ. ಹೀಗಿರುವಾಗ ಇನ್ನೊಂದು ಹಗ್ಗವೇಕೆ?

2. ಬೆಟ್ಟದ ಇಳಿಜಾರಿನಲ್ಲಿ ಓಡಿಸುವವರು ಸೈಕಲ್ ಸವಾರರಂತೆ ಕುಳಿತೇ ಇರುವುದಿಲ್ಲ. ಎದ್ದು ನಿಲ್ಲುತ್ತಾರೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರುತ್ತಾರೆ. ಆಗ ಬೀಳದೆಯೂ ಕಣ್ಣಿ ಕಳಚೀತು. ಕಡಿದಾದ ಏರಿನ ನಡುವೆ, ಅದರಲ್ಲೂ ಹಿಮಕುಸಿತದ ಭಯವಿರುವಲ್ಲಿ, ಎಂಜಿನ್ ನಿಂತರೆ ಅದೇ ಅಪಾಯಕ್ಕೆ ದಾರಿ.

3. ಕೊರೆಯುವ ಚಳಿಯಲ್ಲಿ ದಪ್ಪ ಕೈಚೀಲ ತೊಟ್ಟು, ಇಳಿದಾಗಲೆಲ್ಲ ಕಳಚಿ ಹತ್ತಿದಾಗಲೆಲ್ಲ ಸಿಕ್ಕಿಸುವುದು ತೊಡಕು. ನುರಿತವನಿಗೆ ಇದರ ಅಗತ್ಯವೂ ಇಲ್ಲ.

ವಾದಗಳ ಪರಿಶೀಲನೆ

ಮೊದಲನೆಯ ವಾದ ಬಹುಪಾಲು ಸಲ ನಿಜ. ಆದರೆ ರಕ್ಷಣೆಯ ಏರ್ಪಾಡು ಬೇಕಾಗುವುದು ಬಹುಪಾಲು ಸಲಕ್ಕಲ್ಲ, ಉಳಿದ ಆ ಒಂದು ಸಲಕ್ಕೆ. ಹಿಮದ ಪುಡಿ ಹಿಡಿಯೊಳಗೆ ನುಗ್ಗಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ, ತಂತಿ ತನ್ನ ಕೊಳವೆಯೊಳಗೆ ಹಿಡಿದುಕೊಂಡರೆ, ಸ್ಪ್ರಿಂಗಿನ ಬಲ ಸಾಲದೆ ಆಕ್ಸಿಲರೇಟರ್ ತೆರೆದೇ ಉಳಿಯುತ್ತದೆ. ಇನ್ನೊಂದು ಕಾರಣ ಮನುಷ್ಯಸ್ವಭಾವದ್ದು. ಹಿಂದಕ್ಕೆ ಬೀಳುವವನು ಕೈಗೆ ಸಿಕ್ಕಿದ್ದನ್ನು ಮತ್ತಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಅವನು ಹಿಡಿದುಕೊಂಡದ್ದು ಹ್ಯಾಂಡಲ್. ಹೆಬ್ಬೆರಳು ಒತ್ತಿದ್ದು ಆಕ್ಸಿಲರೇಟರ್. ನಿಲ್ಲಿಸುವ ಗುಂಡಿ ಆಗ ಪ್ರಯೋಜನಕ್ಕೆ ಬಾರದು. ಅದು ವಾಹನದ ಜತೆ ಹೋಗುತ್ತದೆ, ಸವಾರನು ಹಿಮದಲ್ಲಿ ಉಳಿಯುತ್ತಾನೆ.

ಅನಂತರದ ಲೆಕ್ಕವನ್ನು ನೀವೇ ಮಾಡಿ ನೋಡಿರಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಅರ್ಧ ನಿಮಿಷದಲ್ಲಿ ವಾಹನ 300 ಮೀಟರ್ ದೂರ ಹೋಗಿರುತ್ತದೆ. ಸೊಂಟದವರೆಗೆ ಹೂತುಹೋಗುವ ಹಿಮದಲ್ಲಿ 300 ಮೀಟರ್ ನಡೆಯುವುದು ನಮ್ಮ ಬಯಲಿನಲ್ಲಿ ನಡೆದಂತಲ್ಲ. ವಾಹನ ಇನ್ನೂ ದೂರ ಹೋದರೆ ಸವಾರನ ಆಹಾರ, ಬೆಂಕಿಪೆಟ್ಟಿಗೆ, ಕಂಬಳಿ ಎಲ್ಲವೂ ಅದರೊಡನೆ ಹೋದಂತೆ. ಸೊನ್ನೆಗಿಂತ 20-30 ಡಿಗ್ರಿ ಕೆಳಗಿನ ಚಳಿಯಲ್ಲಿ, ಊರಿನಿಂದ ದೂರದಲ್ಲಿ, ಒಂಟಿಯಾಗಿ ಉಳಿದವನಿಗೆ ಬಿದ್ದ ಪೆಟ್ಟಿಗಿಂತ ಚಳಿಯೇ ದೊಡ್ಡ ಶತ್ರು. ಜನರಿರುವೆಡೆಯಲ್ಲಾದರೆ, ಸವಾರನಿಲ್ಲದ 250 ಕಿಲೋ ತೂಕದ ವಾಹನ ಯಾರ ಮೇಲೆ ಹಾಯುವುದೋ ಹೇಳಬರುವಂತಿಲ್ಲ. ಗುಂಪಿನಲ್ಲಿ ಓಡಿಸುವಾಗ ಮುಂದೆ ಹೋಗುವ ಗೆಳೆಯನೇ ಅದಕ್ಕೆ ಗುರಿಯಾಗಬಹುದು. ಹೀಗಾಗಿ ಈ ಕಣ್ಣಿ ಕಟ್ಟಿಕೊಂಡವನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಹಿಮವಾಹನದ ಪಂದ್ಯಗಳಲ್ಲಿ ಕಣ್ಣಿಯನ್ನು ಕಡ್ಡಾಯ ಮಾಡಿರುವುದರ ಮರ್ಮವೂ ಇದೇ.

ಎರಡನೆಯ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಅನಗತ್ಯವಾಗಿ ಕಳಚುವ ಕಣ್ಣಿ ನಿಜಕ್ಕೂ ಕಾಟವೇ. ಆದರೆ ಇದಕ್ಕೆ ಪರಿಹಾರ ಕಣ್ಣಿಯನ್ನು ಸರಿಪಡಿಸುವುದರಲ್ಲಿದೆ. ಹಗ್ಗ ಸವಾರನ ಚಲನೆಗೆ ತಕ್ಕಷ್ಟು ಉದ್ದವಿರಬೇಕು. ನೆಲಕ್ಕೆ ಬೀಳುವ ಮುನ್ನ ಎಳೆಯುವಷ್ಟು ಗಿಡ್ಡವೂ ಇರಬೇಕು. ಜೇಬಿನ ಅಂಚಿಗೆ ಸಿಕ್ಕಿಸದೆ ಅಂಗಿಯ ಭದ್ರವಾದ ಬಳೆಗೆ ಸಿಕ್ಕಿಸಬೇಕು. ಹ್ಯಾಂಡಲಿಗೆ ಸುತ್ತಿಕೊಳ್ಳದಂತೆ ನೋಡಬೇಕು. ಇಷ್ಟಾದ ಮೇಲೆಯೂ ಒಮ್ಮೊಮ್ಮೆ ಕಳಚೀತು. ಆಗ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಕು. ಬೇಡದಾಗ ನಿಂತ ಎಂಜಿನ್ನನ್ನು, ಮುಚ್ಚಳ ತೊಡಿಸಿ, ಮತ್ತೆ ಚಾಲೂ ಮಾಡಬಹುದು. ಬೇಕಾದಾಗ ನಿಲ್ಲದ ಎಂಜಿನ್ನನ್ನು ಕೂಗಿ ಕರೆದು ನಿಲ್ಲಿಸಲಾಗದು. ಹಿಮಕುಸಿತದ ಭಯವಿರುವ ಇಳಿಜಾರಿನಲ್ಲಿ ಎಂಜಿನ್ ನಿಂತರೆ ಕಳೆಯುವ ಕ್ಷಣಗಳು ಅಮೂಲ್ಯವೆಂಬುದು ನಿಜವೇ. ಆದರೆ ಒಂದು ಎಂಜಿನ್ ನಿಲ್ಲಬಾರದೆಂಬುದರ ಮೇಲೆಯೇ ಪ್ರಾಣ ನಿಂತಿರುವ ಜಾಗಕ್ಕೆ ಹೋಗಬೇಕೆ ಎಂಬುದನ್ನು ಅದಕ್ಕಿಂತ ಮೊದಲು ಯೋಚಿಸಬೇಕು.

ಮೂರನೆಯ ವಾದಕ್ಕೆ ಉತ್ತರ ಸುಲಭ. ಕೊಕ್ಕೆಯನ್ನು ಬೆಳಿಗ್ಗೆ ಒಮ್ಮೆ ಅಂಗಿಗೆ ಸಿಕ್ಕಿಸಿದರಾಯಿತು. ಅನಂತರ ಇಳಿಯುವಾಗ ಹತ್ತುವಾಗ ಮುಚ್ಚಳವನ್ನಷ್ಟೆ ತೆಗೆದು ಹಾಕಿದರೆ ಸಾಕು. ಇನ್ನು ನುರಿತವನ ಮಾತು. ಹೆಪ್ಪುಗಟ್ಟಿದ ತಂತಿಗೆ ಸವಾರನ ಅನುಭವ ತಿಳಿಯದು.

ನೀರಿನ ಮೇಲಿನ ಪಾಠ

ಇದೇ ಏರ್ಪಾಡು ಮೋಟಾರು ದೋಣಿಗಳಿಗೂ ಇದೆ. ನಮ್ಮ ಮಂಜೇಶ್ವರ, ಕಾಸರಗೋಡುಗಳ ಕಡಲತಡಿಯಲ್ಲಿ ಹಿಂಬದಿಗೆ ಎಂಜಿನ್ ತೂಗುಹಾಕಿದ ಮೀನುದೋಣಿಗಳನ್ನು ನೀವು ನೋಡಿದ್ದೀರಿ. ಅಂಥ ಎಂಜಿನ್ನುಗಳಿಗೂ ಈ ಬಗೆಯ ಹಗ್ಗ ಬರುತ್ತದೆ. ಹಗ್ಗವನ್ನು ಕಟ್ಟಿಕೊಳ್ಳದಿದ್ದರೆ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಒಂದು ದುರಂತ ಸಾಕ್ಷಿ.

2013ರ ಮೇ 5ರಂದು ಕಾರ್ನ್‌ವಾಲ್ ಪ್ರಾಂತದ ಪ್ಯಾಡ್‌ಸ್ಟೋ ಊರಿನ ಬಳಿ, ಕ್ಯಾಮೆಲ್ ನದಿಯ ಅಳಿವೆಯಲ್ಲಿ, ‘ಮಿಲಿ’ ಎಂಬ ವೇಗದ ದೋಣಿಯಲ್ಲಿ ಆರು ಜನರ ಕುಟುಂಬವೊಂದು ವಿಹಾರಕ್ಕೆ ಹೋಗಿತ್ತು. ದೋಣಿ ತಟ್ಟನೆ ತಿರುಗಿದಾಗ ಆರು ಜನರೂ ನೀರಿಗೆ ಎಸೆಯಲ್ಪಟ್ಟರು. ಎಂಜಿನ್ ನಿಲ್ಲಲಿಲ್ಲ. ಯಾರೂ ಇಲ್ಲದ ದೋಣಿ ಸುತ್ತು ಹಾಕುತ್ತ ನೀರಿನಲ್ಲಿದ್ದವರ ಮೇಲೆಯೇ ಹಾಯಿತು. ತಂದೆಯೂ ಎಂಟು ವರ್ಷದ ಮಗಳೂ ಸತ್ತರು. ತಾಯಿಯೂ ನಾಲ್ಕು ವರ್ಷದ ಮಗನೂ ತೀವ್ರವಾಗಿ ಗಾಯಗೊಂಡರು. ದೋಣಿಯಲ್ಲಿ ಎಂಜಿನ್ ನಿಲ್ಲಿಸುವ ಹಗ್ಗವಿತ್ತು. ಅದನ್ನು ಓಡಿಸುವವರು ಮೈಗೆ ಕಟ್ಟಿಕೊಂಡಿರಲಿಲ್ಲವೆಂದು 2014ರಲ್ಲಿ ಹೊರಬಂದ ತನಿಖಾ ವರದಿ ತಿಳಿಸಿತು.

ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕದಾದ ವಿಹಾರದ ಮೋಟಾರು ದೋಣಿಗಳಲ್ಲಿ, ಇಂಥ ಏರ್ಪಾಡು ಇದ್ದರೆ ವೇಗವಾಗಿ ಓಡಿಸುವಾಗ ಅದನ್ನು ಬಳಸಲೇಬೇಕೆಂಬ ಕಾನೂನು ಜಾರಿಗೆ ಬಂದಿದೆ. ದಡಕ್ಕೆ ತಾಗಿಸುವಂಥ ನಿಧಾನದ ಕೆಲಸಕ್ಕೆ ವಿನಾಯಿತಿ ಉಂಟು. ಎರಡು ಮಗ್ಗುಲುಗಳನ್ನೂ ತೂಗಿ ನಿಯಮ ಮಾಡುವುದಕ್ಕೆ ಇದೊಂದು ಮಾದರಿ.

ತೀರ್ಮಾನ

ಹಿಮವಾಹನದ ಸವಾರನು ಕಣ್ಣಿಯನ್ನು ಕಟ್ಟಿಕೊಳ್ಳಬೇಕು ಎಂಬುದೇ ಮೇಲಿನ ಚರ್ಚೆಯಿಂದ ಹೊರಡುವ ತೀರ್ಮಾನ. ಆದರೆ ಅದರ ಮಿತಿಯನ್ನೂ ಅರಿತಿರಬೇಕು. ಕಣ್ಣಿ ಬೀಳುವುದನ್ನು ತಪ್ಪಿಸದು. ತಲೆಗೆ ಪೆಟ್ಟಾಗದಂತೆ ಕಾಯದು. ಗಟ್ಟಿ ಹಿಮದ ಇಳಿಜಾರಿನಲ್ಲಿ ಎಂಜಿನ್ ನಿಂತ ಮೇಲೆಯೂ ವಾಹನ ಜಾರಬಹುದು. ಹೆಲ್ಮೆಟ್ಟು, ಜತೆಗಾರರು, ಹವೆಯ ತಿಳಿವಳಿಕೆ ಇವೆಲ್ಲ ಬೇಕೇ ಬೇಕು.

ಇನ್ನೊಂದು ಮಾತು. ಕಣ್ಣಿಯನ್ನು ಕಟ್ಟಿಕೊಳ್ಳುವುದಾದರೆ ದಿನವೂ ಕಟ್ಟಿಕೊಳ್ಳಬೇಕು. ‘ಇವತ್ತು ಹತ್ತಿರದ ದಾರಿ, ನಾಳೆ ಕಟ್ಟಿಕೊಂಡರಾಯಿತು’ ಎನ್ನುವವನಿಗೆ ಬೀಳುವ ದಿನ ಯಾವುದೆಂದು ಮೊದಲೇ ತಿಳಿದಿರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು? ನಮ್ಮ ಹೆದ್ದಾರಿಯಲ್ಲಿ ಪಟ್ಟಿ ಬಿಗಿಯದ ಹೆಲ್ಮೆಟ್ಟನ್ನು ತಲೆಯ ಮೇಲಿಟ್ಟುಕೊಂಡು ಹೋಗುವವರನ್ನು ಕಂಡಾಗ ‘ಮಿಲಿ’ ದೋಣಿಯ ಹಗ್ಗವನ್ನು ನೆನೆದುಕೊಳ್ಳಿರಿ. ಅವರು ನಿಮ್ಮ ಮನೆಯವರಾದರೆ ಪಟ್ಟಿ ಬಿಗಿಯಲು ಹೇಳಿರಿ.

ಅಭ್ಯಾಸ

1. ಸ್ಪ್ರಿಂಗ್ ಇರುವಾಗಲೂ ಕಣ್ಣಿ ಏಕೆ ಬೇಕು? ಎರಡು ಕಾರಣಗಳನ್ನು ಬರೆಯಿರಿ.
2. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ 20 ಸೆಕೆಂಡುಗಳಲ್ಲಿ ಎಷ್ಟು ಮೀಟರ್ ಹೋಗುತ್ತದೆ?
3. ಬೇಡವೆನ್ನುವವರ ಮೂರು ವಾದಗಳಲ್ಲಿ ನಿಮಗೆ ಬಲವಾದುದೆಂದು ತೋರಿದುದು ಯಾವುದು? ಅದಕ್ಕೆ ಇಲ್ಲಿ ಕೊಟ್ಟ ಉತ್ತರ ಸಾಕೆ?
4. ‘ಸವಾರನು ಕಟ್ಟಿಕೊಳ್ಳುವುದು ಒಳ್ಳೆಯದು’, ‘ಸವಾರನು ಕಟ್ಟಿಕೊಳ್ಳಲೇಬೇಕೆಂದು ಕಾನೂನು ಬೇಕು’ - ಈ ಎರಡು ಮಾತುಗಳಿಗಿರುವ ವ್ಯತ್ಯಾಸವನ್ನು ತಿಳಿಸಿ, ಎರಡನೆಯದರ ಪರವಾಗಿಯೋ ವಿರೋಧವಾಗಿಯೋ ಒಂದು ಪುಟದಷ್ಟು ಬರೆಯಿರಿ.