ಬೆಲ್ಟ್ ಮೊದಲು, ಸದ್ದು ಆಮೇಲೆ

ಕ್ಯಾಲಿಫೋರ್ನಿಯಾದ ಓದುಗರೊಬ್ಬರು 1997ರ ಫೆರಾರಿ ಎಫ್355 ಕೊಂಡಿದ್ದಾರೆ. ಹಿಂದಿನ ಮಾಲೀಕ ಜೋರು ಸದ್ದಿನ ಸೈಲೆನ್ಸರ್ ಹಾಕಿಸಿ, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಿದ್ದಾನೆ. ಈಗ ಎಂಜಿನ್ ಲೈಟ್ ಆರುತ್ತಿಲ್ಲ. ರಿಪೇರಿ ಎಲ್ಲಿಂದ ಶುರು ಎಂಬುದು ಅವರ ಪ್ರಶ್ನೆ.

ಟೈಮಿಂಗ್ ಬೆಲ್ಟಿನಿಂದ.

ಅದನ್ನು ಬದಲಿಸಿದ ದಾಖಲೆ ಸಿಗದಿದ್ದರೆ ಗಾಡಿ ಓಡಿಸಲೇಬಾರದು. ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಇದರಲ್ಲಿರುವ ವಾಲ್ವುಗಳೋ 40! ಬೆಲ್ಟಿಗಾಗಿ ಇಡೀ ಎಂಜಿನ್ನನ್ನೇ ಹೊರತೆಗೆಯಬೇಕು; ದುಡ್ಡು ಕರಗುವುದು ಅಲ್ಲೇ. ಹೇಗೂ ಹೊರಬಂದಾಗ, ಬಿರುಕು ಬಿಡುವುದಕ್ಕೆ ಹೆಸರಾದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೂ ಬೇಗ ಸವೆಯುವ ವಾಲ್ವ್ ಗೈಡುಗಳನ್ನೂ ನೋಡಿಸಿಬಿಡುವುದು ಜಾಣತನ.

ಬೆಲ್ಟಿನ ನಂತರದ ಸರದಿ ಕನ್ವರ್ಟರಿನದು; ಅದಿಲ್ಲದೆ ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆ ದಾಟಲಾಗದು. ಕಂಪನಿಯ ಮೂಲ ಭಾಗವನ್ನೋ, ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆಯಿರುವ ಬದಲಿಯನ್ನೋ ಅವರು ಹಾಕಿಸಲಿ. ಸೈಲೆನ್ಸರ್ ವಿಚಾರ ಆಮೇಲೆ ನೋಡಿಕೊಂಡರಾಯಿತು.