ಹತ್ತಿ ಬಿಡಿಸಿ ಬಂದ ಮಗು

ತಂಗೀ, ಶಹಾಪುರ ತಾಲ್ಲೂಕಿನ ಶಾಲೆಗೆ ನಿನಗೆ ನೇಮಕವಾದ ಸುದ್ದಿ ಕೇಳಿ ತುಂಬ ಸಂತೋಷವಾಯಿತು. "ಈ ಕಡೆ ಹುಡುಗರ ತಲಿಗೆ ಹತ್ತಂಗಿಲ್ರೀ" ಎಂಬ ಮಾತು ನಿನ್ನ ಕಿವಿಗೂ ಬೀಳುತ್ತದೆ. ಅದನ್ನು ಒಳಗೆ ಬಿಟ್ಟುಕೊಳ್ಳಬೇಡ.

2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿಯಲ್ಲೂ ನಮ್ಮದು ಕೊನೆಯ ಸ್ಥಾನ. ಅಂಕಿ ಸುಳ್ಳಲ್ಲ, ಆದರೆ ಅದು ಮಕ್ಕಳ ಬುದ್ಧಿಯ ಅಳತೆಯೂ ಅಲ್ಲ. ಕೃಷ್ಣೆಯ ಕಾಲುವೆ ನೀರು ಹರಿದ ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿ ಅರ್ಧ ಖಾಲಿ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವವರು ಮಕ್ಕಳನ್ನೂ ಕರೆದೊಯ್ಯುತ್ತಾರೆ.

ಹಾಗೆ ಹೋದ ಮಗು ಮರಳಿ ಬಂದು ಬಾಗಿಲಲ್ಲಿ ನಿಂತಾಗ "ಏನಪಾ, ಈಗ ನೆನಪಾತೇನು ಸಾಲಿ?" ಎಂದರೆ ಉಳಿದವರು ನಗುತ್ತಾರೆ. ಅವನು ಹಿಂದೆ ಹೋಗಿ ಕೂಡುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. "ಬಾ, ಮುಂದ ಕೂಡು. ದಿನಾ ಎಷ್ಟು ಕಿಲೋ ಬಿಡಸ್ತಿದ್ದಿ?" ಎಂದು ಕೇಳು. ಕಿಲೋಗೆ ಇಷ್ಟೆಂದು ಕೂಲಿ ಲೆಕ್ಕ ಹಾಕಿದವನಿಗೆ ಗುಣಾಕಾರ ಆಗಲೇ ಗೊತ್ತು. ಅದನ್ನೇ ಬೋರ್ಡಿನ ಮೇಲೆ ಅವನ ಕೈಯಿಂದ ಬರೆಸು.

ಮಗುವಿನ ಮೇಲೆ ನಾವಿಡುವ ನಂಬಿಕೆಯೂ ಮುಖ್ಯ. ಅಮೆರಿಕದ ಸಂಶೋಧಕರಾದ ರೋಸೆಂಥಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಒಂದು ಶಾಲೆಯ ಪ್ರಯೋಗವನ್ನು ಪ್ರಕಟಿಸಿದರು. ಯಾವ ಲೆಕ್ಕವೂ ಇಲ್ಲದೆ ಆರಿಸಿದ ಮಕ್ಕಳನ್ನು ತೋರಿಸಿ, ಇವರು ಈ ವರ್ಷ ಚಿಗುರುತ್ತಾರೆ ಎಂದು ಶಿಕ್ಷಕರನ್ನು ನಂಬಿಸಿದ್ದರು. ಒಂದು, ಎರಡನೇ ತರಗತಿಯಲ್ಲಿ ಅಂಥ ಮಕ್ಕಳು ಉಳಿದವರಿಗಿಂತ ಮುಂದೆ ಹೋದರು. ಅದರ ಪರಿಣಾಮ ಎಷ್ಟು ದೊಡ್ಡದೆಂಬ ವಾದ ಇನ್ನೂ ಇದೆ. ಆದರೆ ಟೀಚರ್ ತನ್ನನ್ನು ಏನೆಂದುಕೊಂಡಿದ್ದಾರೆಂದು ಮಗು ಮುಖ ನೋಡಿಯೇ ತಿಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಸುಮ್ಮನೆ ಕೂತವರೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳಲ್ಲೇ ಕಂಡುಕೊಂಡರು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಉತ್ತರ ಗೊತ್ತಿದ್ದರೂ ಕನ್ನಡಕ್ಕೆ ತರಲು ಹೊತ್ತು ಬೇಕು. ಜಾಣರ ಮೇಲಿನ ನಂಬಿಕೆಯಿಂದ ನಾವು ಅವರಿಗೆ ಹೆಚ್ಚು ಕಾಯುತ್ತೇವೆ, ಉಳಿದವರನ್ನು ದಾಟಿ ಹೋಗುತ್ತೇವೆ. ಇದು ನನ್ನನ್ನು ಬಹಳ ನೋಯಿಸುತ್ತದೆ.

ವರ್ಗಾವಣೆಗೆ ಅರ್ಜಿ ಹಾಕುವುದು ನಿನ್ನ ಹಕ್ಕು. ಆದರೆ ಇಲ್ಲಿರುವಷ್ಟು ದಿನ ಹೋಗುವವಳಂತೆ ಪಾಠ ಮಾಡಬೇಡ. ತಾಯಂದಿರು ಶಾಲೆಗೆ ಬಂದರೆ ನೀನು ದೂರು ಹೇಳುವ ಮೊದಲು, ಅವರ ಮಗಳು ಓದಬಲ್ಲ ಒಂದು ಪುಟವನ್ನು ಅವರೆದುರೇ ಓದಿಸು.